ಬಲ್ಕ್ ಸಾಕಾ, ಸಿಂಗಲ್ ಸೆಲ್ ಬೇಕಾ?

ಔಷಧಿ ಕೊಟ್ಟ ಮೇಲೆ ಯಾವ ಜೀನ್‌ಗಳ ಕೆಲಸ ಜಾಸ್ತಿಯಾಯಿತು, ಯಾವುದು ತಣ್ಣಗಾಯಿತು ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಬಲ್ಕ್ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಸ್ಯಾಂಪಲ್‌ನ ಎಲ್ಲ ಕೋಶಗಳ ಆರ್‌ಎನ್‌ಎಯನ್ನು, ಅಂದರೆ ಕೆಲಸ ಮಾಡುವ ಜೀನ್‌ಗಳಿಂದ ಹೊರಡುವ ಪ್ರತಿಗಳನ್ನು, ಒಟ್ಟಿಗೆ ಓದುವುದು) ಧಾರಾಳವಾಗಿ ಸಾಕು. ಖರ್ಚು ಕಡಿಮೆ. ಫ್ರೀಜರ್‌ನಲ್ಲಿಟ್ಟ ಸ್ಯಾಂಪಲ್ಲೂ ನಡೆಯುತ್ತದೆ. ಆದರೆ ಸಿಗುವುದು ಎಲ್ಲ ಜೀವಕೋಶಗಳ ಸರಾಸರಿ ಮಾತ್ರ.

ಆ ಸರಾಸರಿಯಲ್ಲಿ ಅಪರೂಪದ ಕೋಶಗಳು ಕಾಣುವುದೇ ಇಲ್ಲ. ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ತರುವ ಸಿಎಫ್‌ಟಿಆರ್ ಜೀನ್ ಶ್ವಾಸನಾಳದ ಅಯಾನೊಸೈಟ್ ಎಂಬ ಕೋಶಗಳಲ್ಲಿ ಭರ್ಜರಿಯಾಗಿ ಕೆಲಸ ಮಾಡುತ್ತದೆ ಎಂದು ಗೊತ್ತಾಗಿದ್ದು 2018ರಲ್ಲಿ, ಒಂದೊಂದು ಕೋಶವನ್ನೂ ಬೇರೆಬೇರೆಯಾಗಿ ಓದುವ ಸಿಂಗಲ್ ಸೆಲ್ ವಿಧಾನದಿಂದ. ಅಲ್ಲಿನ ಕೋಶಗಳಲ್ಲಿ ಅವು ಸುಮಾರು 1%, ಅಷ್ಟೇ! ಈ ವಿಧಾನದಲ್ಲಿ ಸಾಮಾನ್ಯವಾಗಿ ಒಂದೊಂದು ಕೋಶವೂ ಎಣ್ಣೆಯೊಳಗಿನ ಪುಟ್ಟ ಹನಿಯಲ್ಲಿ ಕೂತು ತನ್ನದೇ ಬಾರ್‌ಕೋಡ್ (ಆರ್‌ಎನ್‌ಎ ಯಾವ ಕೋಶದ್ದೆಂದು ಹೇಳುವ ಗುರುತು) ಪಡೆಯುತ್ತದೆ.

ತಾಪತ್ರಯವೂ ಉಂಟು. ಸಾಮಾನ್ಯವಾಗಿ ಕೋಶಗಳು ಜೀವಂತವಾಗಿರಬೇಕು, ಅಂಗಾಂಶ ಫ್ರೀಜ್ ಆಗಿದ್ದರೆ ಹೆಚ್ಚಾಗಿ ಕೋಶಕೇಂದ್ರಗಳನ್ನಷ್ಟೇ ಓದಬೇಕು. ಕಡಿಮೆ ಕೆಲಸ ಮಾಡುವ ಜೀನ್‌ಗಳು ಎಷ್ಟೋ ಸಲ ಸೊನ್ನೆ ತೋರಿಸುತ್ತವೆ. ಇನ್ನೊಂದು, ಪ್ರಯೋಗದಲ್ಲಿ ಒಂದೇ ಇಲಿಯಿಂದ 8,000 ಕೋಶ ಓದಿದರೂ ಅಂಕಿಅಂಶದ ಲೆಕ್ಕಕ್ಕೆ ಅದು ಒಂದೇ ಇಲಿ, ಅಲ್ವಾ? ಹಣ ಬಿಗಿಯಿದ್ದರೆ ನಾನಂತೂ ಸುಮ್ನೆ ಫ್ಯಾಶನ್‌ಗೆ ಸಿಂಗಲ್ ಸೆಲ್ ಹಿಡಿಯುವುದಿಲ್ಲ. ಬಲ್ಕ್‌ನಲ್ಲೇ ಇಲಿಗಳ ಸಂಖ್ಯೆ ಹೆಚ್ಚಿಸುತ್ತೇನೆ.