ಗಾಲ್ಫ್‌ನ ಶಾರ್ಟ್ ಗೇಮ್ ಲೆಸನ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಗ್ರೀನ್ (ರಂಧ್ರವಿರುವ, ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಸುತ್ತಲಿನ ಆಟ, ಅಂದರೆ ಶಾರ್ಟ್ ಗೇಮ್, ಸುಧಾರಿಸಬೇಕು ಅಂತ ಕೋಚ್ ಹುಡುಕುತ್ತಿದ್ದೀರಾ? ಚಿಪ್ಪಿಂಗನ್ನು (ಗ್ರೀನ್ ಹತ್ತಿರದಿಂದ ಚೆಂಡನ್ನು ಸ್ವಲ್ಪ ಎತ್ತಿ ಹೊಡೆಯುವುದನ್ನು) ಬರೀ ಮ್ಯಾಟ್ ಮೇಲೆ ಕಲಿಸುವ ಕಡೆ ದಯವಿಟ್ಟು ಪ್ಯಾಕೇಜ್ ತಗೊಳ್ಳಬೇಡಿ. ಅಂಥ ಒಂದು ಕಡೆ ಸೇರಿದ ಮೇಲೆ ನನ್ನ ಆಟ ಮೊದಲಿಗಿಂತ ಕೆಟ್ಟಿತು.

ಅಕಾಡೆಮಿಯ ಹೆಸರು ಬೇಡ. ಅಲ್ಲಿ ಎಲ್ಲವೂ ಒಳಾಂಗಣದಲ್ಲೇ: ಮ್ಯಾಟ್, ಕ್ಯಾಮೆರಾ, ಎದುರಿಗೆ ದೊಡ್ಡ ಸ್ಕ್ರೀನ್. ಹುಲ್ಲಿನ ಮೇಲಿನ ಲೆಸನ್ ಕೊನೆಯಲ್ಲಿ ಇರುತ್ತದೆ ಅಂದಿದ್ದರು, ಅದು ಬರಲೇ ಇಲ್ಲ. ಚೆಂಡನ್ನು ಬಲಗಾಲಿನ ನೇರಕ್ಕಿಡಿ, ಕೈಗಳನ್ನು ಚೆಂಡಿಗಿಂತ ಸಾಕಷ್ಟು ಮುಂದೆ ತನ್ನಿ, ಶಾಫ್ಟ್, ಅಂದರೆ ಕ್ಲಬ್ಬಿನ (ಹೊಡೆಯುವ ಕೋಲಿನ) ಉದ್ದನೆಯ ದಂಡ, ಗುರಿಯ ಕಡೆ ಬಾಗಿರಲಿ, ಮೇಲಿಂದ ಕೆಳಕ್ಕೆ ಹೊಡೆಯಿರಿ. ಪ್ರತಿ ಲೆಸನ್‌ನಲ್ಲೂ ಇದೇ ಪಾಠ. ಚೆಂಡು ನೀಟಾಗಿ ಏಳುತ್ತಿತ್ತು, ಸ್ಕ್ರೀನ್ ಮೇಲಿನ ಅಂಕಿಗಳೂ ಚೆನ್ನಾಗಿದ್ದವು.

ಕೋರ್ಸ್‌ನಲ್ಲಿ ಅದೇ ಹೊಡೆತಕ್ಕೆ ವೆಡ್ಜ್ (ಚೆಂಡನ್ನು ಎತ್ತಿ ಹೊಡೆಯುವ, ಮುಖ ಓರೆಯಾದ ಕ್ಲಬ್) ಗುದ್ದಲಿಯಂತೆ ಮಣ್ಣಿಗೆ ಇಳಿಯಿತು. ಚೆಂಡು ಒಂದೆರಡು ಮಾರು ಉರುಳಿ ನಿಂತಿತು. ಮಣ್ಣಿಗೆ ಹೊಡೆದೇನು ಅನ್ನುವ ಭಯ ಶುರುವಾದ ಮೇಲೆ ಕೈ ತಾನಾಗಿ ಮೇಲೆತ್ತತೊಡಗಿತು. ಆಗ ಕ್ಲಬ್‌ನ ಅಂಚು ಚೆಂಡಿನ ನಡುವಿಗೇ ಬಡಿದು, ಚೆಂಡು ಗ್ರೀನ್ ದಾಟಿ ಆಚೆ ಬದಿಗೆ. ಇದನ್ನು ಕೋಚ್‌ಗೆ ಹೇಳಿದರೆ ಬಂದ ಉತ್ತರ, "ಪ್ರ್ಯಾಕ್ಟೀಸ್ ಸಾಲದು, ಇನ್ನೊಂದು ಪ್ಯಾಕೇಜ್ ಮಾಡಿ." ನನಗೆ ತುಂಬಾ ನೋವಾಗಿದ್ದು ಆ ಮಾತಿನಿಂದ.

ಮ್ಯಾಟ್ ಯಾಕೆ ಮೋಸ ಮಾಡುತ್ತದೆ ಅಂದರೆ, ಅದರ ಕೆಳಗಿರುವುದು ಗಟ್ಟಿ ನೆಲ. ಕ್ಲಬ್ ಚೆಂಡಿಗಿಂತ ಒಂದೆರಡು ಇಂಚು ಹಿಂದೆ ಬಿದ್ದರೂ ಒಳಗೆ ಇಳಿಯಲಾರದು, ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ. ತಪ್ಪು ಹೊಡೆತಕ್ಕೂ ಒಳ್ಳೆಯ ಸದ್ದೇ ಬರುತ್ತದೆ. ಹುಲ್ಲು ಹಾಗೆ ಕ್ಷಮಿಸುವುದಿಲ್ಲ. ಹುಲ್ಲಿನಲ್ಲಿ ನಮ್ಮನ್ನು ಕಾಯುವುದು ವೆಡ್ಜ್ ತಳದ ಬೌನ್ಸ್, ಅಂದರೆ ಮುಂದಿನ ಅಂಚಿಗಿಂತ ಕೆಳಗೆ ಇಳಿದಿರುವ ಹಿಂಭಾಗ. ಮೊದಲು ನೆಲಕ್ಕೆ ತಾಗಿ ಕ್ಲಬ್ ಹೂತುಹೋಗದಂತೆ ತಡೆಯುವುದು ಅದೇ. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ಕ್ಲಬ್ಬಿನ ತಳಕ್ಕೆ ಬೆಸುಗೆಯ ಲೋಹ ಸೇರಿಸಿ ಸ್ಯಾಂಡ್ ವೆಡ್ಜ್ (ಮರಳಿನಿಂದ ಹೊಡೆಯುವ ವೆಡ್ಜ್) ರೂಪಿಸಿ, 1932ರ ಬ್ರಿಟಿಷ್ ಓಪನ್ ಗೆದ್ದದ್ದು ಈ ಗುಣವನ್ನು ನಂಬಿಯೇ. ಶಾಫ್ಟನ್ನು ಮುಂದಕ್ಕೆ ಬಾಗಿಸಿದಷ್ಟೂ ಬೌನ್ಸ್ ಕಡಿಮೆಯಾಗುತ್ತದೆ. 10 ಡಿಗ್ರಿ ಬೌನ್ಸ್ ಇರುವ ವೆಡ್ಜನ್ನು 10 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಇದರ ಮೇಲೆ ಬೌನ್ಸ್ ತೀರಾ ಕಡಿಮೆ ಇರುವ 60 ಡಿಗ್ರಿ (ಇದು ಮುಖದ ಓರೆ, ಬೌನ್ಸ್ ಅಲ್ಲ) ಲಾಬ್ ವೆಡ್ಜನ್ನೂ ನನ್ನ ಕೈಲಿ ಕೊಳ್ಳಿಸಿದರು!

ಈಗ ಬೇರೆ ಕೋಚ್ ಹತ್ತಿರ ಹೋಗುತ್ತಿದ್ದೇನೆ. ಅವರು ಮೊದಲು ನೋಡಿದ್ದು ನನ್ನ ವೆಡ್ಜ್‌ಗಳ ತಳವನ್ನು. ಆಮೇಲೆ ಹುಲ್ಲಿನ ಮೇಲೆ ಒಂದು ಗೆರೆ ಎಳೆದು, ಚೆಂಡಿಲ್ಲದೆ ಕ್ಲಬ್ ಬೀಸಿಸಿ, ಕ್ಲಬ್ ಹುಲ್ಲನ್ನು ಎಲ್ಲಿ ಸವರುತ್ತದೆ ಅಂತ ತೋರಿಸಿದರು. ಗೆರೆಯ ಹಿಂದೆ ಸವರಿದರೆ ಕಣ್ಣಿಗೆ ಬೀಳುತ್ತದೆ, ಬಚ್ಚಿಡಲು ಆಗುವುದಿಲ್ಲ. ಭಾರ ಎಡಗಾಲ ಮೇಲೆ, ಶಾಫ್ಟ್ ಬಹುಪಾಲು ನೇರ, ಬೀಸಿನ ಉದ್ದಕ್ಕೂ ಎದೆ ತಿರುಗುತ್ತಿರಬೇಕು. ಅಭ್ಯಾಸಕ್ಕೂ ಒಂದೇ ಚೆಂಡು. ಪ್ರತಿ ಸಲ ಬೇರೆ ಜಾಗದಿಂದ ಚಿಪ್ ಮಾಡಿ, ಪಟ್ ಮಾಡಿ ರಂಧ್ರಕ್ಕೆ ಹಾಕಿಯೇ ಮುಂದಿನದು. ಭಯ ಇನ್ನೂ ಪೂರ್ತಿ ಬಿಟ್ಟಿಲ್ಲ. ಬಿಗಿ ಹುಲ್ಲಿನ ಮೇಲೆ ಚೆಂಡು ಕಂಡರೆ ಈಗಲೂ ಕೈ ಗಟ್ಟಿಯಾಗುತ್ತದೆ.

ಹಾಗಾಗಿ ಸೇರುವ ಮುಂಚೆ ಒಂದೇ ಒಂದು ಲೆಸನ್ ಕೇಳಿ, ಅದೂ ಹುಲ್ಲಿನ ಮೇಲೆ. ಬರಿ ನೆಲ, ದಟ್ಟ ಹುಲ್ಲು, ಇಳಿಜಾರು, ಮೂರು ಕಡೆಯೂ ಚೆಂಡು ಹಾಕಿಸಿ ಹೊಡೆಸುತ್ತಾರಾ ನೋಡಿ. ಬಂಕರ್ (ಮರಳಿನ ಗುಂಡಿ) ಇಲ್ಲದ ಕಡೆ ಬಂಕರ್ ಪಾಠ ಕಲಿಸುತ್ತೇವೆ ಅಂದರೆ ನಂಬಬೇಡಿ, ಅಲ್ಲಿ ಕ್ಲಬ್ ಮೊದಲು ತಾಗಬೇಕಾದದ್ದು ಚೆಂಡಿನ ಹಿಂದಿನ ಮರಳಿಗೆ. ರಸೀದಿಯ ಹಿಂಬದಿಯನ್ನೂ ಓದಿ. ನನ್ನದರಲ್ಲಿ "ಹಣ ವಾಪಸ್ ಇಲ್ಲ" ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಉಳಿದ ಲೆಸನ್‌ಗಳ ದುಡ್ಡು ಇವತ್ತಿಗೂ ಬಂದಿಲ್ಲ.