ಒಂದೇ ಬಿಲ್ಲು, ನಾಲ್ಕು ಆರೋಗ್ಯ ವಿಮೆ: ಕೈಯಿಂದ ಎಷ್ಟು ಹೋಗುತ್ತದೆ?

ಆರೋಗ್ಯ ವಿಮೆ ಕೊಳ್ಳಲು ಹೊರಟವರು ಮೊದಲು ಕೇಳುವುದು ಪ್ರೀಮಿಯಂ ಎಷ್ಟು, ಆಮೇಲೆ ಎಷ್ಟು ಲಕ್ಷದ ಕವರ್. ಈ ಎರಡನ್ನೇ ನೋಡಿ ಪಾಲಿಸಿ ಮಾಡಿಸಿದರೆ ಉಳಿದದ್ದು ತಿಳಿಯುವುದು ಡಿಸ್ಚಾರ್ಜ್ ದಿನ, ಬಿಲ್ಲಿಂಗ್ ಕೌಂಟರಿನಲ್ಲಿ. ಅದಕ್ಕಿಂತ ಒಂದು ಬಿಲ್ಲನ್ನು ಮುಂದಿಟ್ಟುಕೊಂಡು, ಪ್ರತಿ ಪಾಲಿಸಿಯ ಷರತ್ತಿನಂತೆ ಸಾಲುಸಾಲಾಗಿ ಕಳೆಯುತ್ತಾ ಹೋಗುವುದು ಒಳ್ಳೆಯದು. ಇಲ್ಲಿ ಮಾಡಿರುವುದು ಅದನ್ನೇ.

ಲೆಕ್ಕಕ್ಕೆ ಹಿಡಿದ ಬಿಲ್ಲು ಇದು. ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ, ಖಾಸಗಿ ಆಸ್ಪತ್ರೆಯಲ್ಲಿ ಮೂರು ದಿನ. ನರ್ಸಿಂಗ್ ಸೇರಿ ರೂಮಿಗೆ ದಿನಕ್ಕೆ ₹8,000ದಂತೆ ₹24,000. ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್ ಸೇರಿ ₹1,28,000. ಔಷಧಿಗೆ ₹28,000, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಗೆ ₹14,000. ಗ್ಲೌಸು, ಮಾಸ್ಕು, ಅಡ್ಮಿಷನ್ ಕಿಟ್ಟು, ರಿಜಿಸ್ಟ್ರೇಷನ್ ಮುಂತಾಗಿ ವಿಮೆಯವರು ಕೊಡದ ಬಾಬ್ತು ₹6,000. ಒಟ್ಟು ₹2,00,000.

ಮೊದಲು ಆರೋಗ್ಯ ಸಂಜೀವಿನಿ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಪಾಲಿಸಿಯ ಷರತ್ತು ಯಾವ ಕಂಪನಿಯಲ್ಲಿ ಕೊಂಡರೂ ಒಂದೇ. ಬೇರೆಯಾಗುವುದು ಪ್ರೀಮಿಯಂ ಮತ್ತು ಸೇವೆ. ರೂಮ್ ಬಾಡಿಗೆಗೆ ಕವರಿನ ಶೇ. 2, ಆದರೆ ದಿನಕ್ಕೆ ₹5,000 ಮೀರುವಂತಿಲ್ಲ. ₹5 ಲಕ್ಷದ ಪಾಲಿಸಿಯಲ್ಲಿ ಮೂರು ದಿನಕ್ಕೆ ₹15,000 ಸಿಗುತ್ತದೆ. ‘ಹೆಚ್ಚಿನ ರೂಮಿಗೆ ₹9,000 ನಾವೇ ಕಟ್ಟಿದರಾಯಿತು’ ಎಂದುಕೊಂಡವರೇ ಇಲ್ಲಿ ಏಟು ತಿನ್ನುವುದು. ₹5,000ದ ಅರ್ಹತೆ ಇಟ್ಟುಕೊಂಡು ₹8,000ದ ರೂಮ್ ಹಿಡಿದರೆ ಸರ್ಜನ್ ಮತ್ತು ಥಿಯೇಟರ್ ಖರ್ಚಿಗೂ ಎಂಟರಲ್ಲಿ ಐದು ಪಾಲು ಮಾತ್ರ ಕೊಡುತ್ತಾರೆ. ₹1,28,000 ಇದ್ದದ್ದು ₹80,000ಕ್ಕೆ ಇಳಿಯುತ್ತದೆ. ಔಷಧಿ, ಪರೀಕ್ಷೆ, ಇಂಪ್ಲಾಂಟಿಗೆ ಈ ಕಡಿತ ತಾಗುವುದಿಲ್ಲ. ರೂಮಿನ ದರ್ಜೆ ಯಾವುದೇ ಇರಲಿ, ಚಿಕಿತ್ಸೆಗೆ ಒಂದೇ ದರ ಹಾಕುವ ಆಸ್ಪತ್ರೆಯಲ್ಲೂ ಕಡಿತ ಮಾಡುವಂತಿಲ್ಲ. ಇದನ್ನು ಅಡ್ಮಿಟ್ ಆಗುವ ಮೊದಲೇ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೇಳಿ ಇಟ್ಟುಕೊಳ್ಳಿ. ಈಗ ಕೂಡಿಸಿದರೆ ₹1,37,000. ಅದರಲ್ಲಿ ಶೇ. 5 ಕೋ-ಪೇ, ಅಂದರೆ ₹6,850 ನಮ್ಮ ಪಾಲು. ವಿಮೆಯಿಂದ ಬರುವುದು ₹1,30,150, ಕೈಯಿಂದ ಹೋಗುವುದು ₹69,850.

ಹಾಗೆಂದು ಇದು ಕೆಟ್ಟ ಪಾಲಿಸಿ ಅಲ್ಲ. ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ₹5,000ದೊಳಗಿನ ರೂಮ್ ಹಿಡಿದರೆ ಬರೀ ಕೋ-ಪೇ ಮತ್ತು ಕೊಡದ ಬಾಬ್ತಿನಲ್ಲಿ ಮುಗಿಯುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳನ್ನೇ ನಂಬಿಕೊಂಡವರಿಗೆ ಮಾತ್ರ ಸಾಲದು.

ಎರಡನೆಯದು ರೂಮ್ ಬಾಡಿಗೆಗೆ ಮಿತಿಯಿಲ್ಲದ, ಕೋ-ಪೇ ಇಲ್ಲದ ಪಾಲಿಸಿ. ಅದೇ ಬಿಲ್ಲಿಗೆ ₹1,94,000 ಸಿಗುತ್ತದೆ. ಗ್ಲೌಸು, ಮಾಸ್ಕಿನಂಥವಕ್ಕೂ ಕವರ್ ಕೊಡುವ ರೈಡರ್ ಸೇರಿಸಿಕೊಂಡರೆ ಉಳಿದ ₹6,000ದಲ್ಲೂ ಒಂದಿಷ್ಟು ಬರುತ್ತದೆ. ಪ್ರೀಮಿಯಂ ಜಾಸ್ತಿ, ಆದರೆ ಒಂದೇ ಅಡ್ಮಿಷನ್ನಿನಲ್ಲಿ ₹63,850 ವ್ಯತ್ಯಾಸ. ನಮ್ಮ ಆಯ್ಕೆ ಇದೇ. ‘ಸಿಂಗಲ್ ಪ್ರೈವೇಟ್ ಎ.ಸಿ. ರೂಮ್‌ವರೆಗೆ’ ಎಂದಿದ್ದರೂ ಸಾಕು, ಆದರೆ ಆಗ ಡೀಲಕ್ಸ್ ಅಥವಾ ಸೂಟ್ ಹಿಡಿಯಬಾರದು; ಮೇಲಿನ ಕಡಿತವೇ ಅಲ್ಲೂ ಬರುತ್ತದೆ.

ಮೂರನೆಯದು ಕೆಲಸದ ಕಂಪನಿ ಕೊಡುವ ಗುಂಪು ವಿಮೆ. ಮೊದಲೆರಡು ಪಾಲಿಸಿ ಕೊಂಡು ಎರಡು ವರ್ಷ ತುಂಬುವ ಮೊದಲೇ ಈ ಕಲ್ಲು ಕಾಣಿಸಿಕೊಂಡರೆ? ಆರೋಗ್ಯ ಸಂಜೀವಿನಿಯಲ್ಲಿ ಪಿತ್ತಕೋಶದ ಕಲ್ಲು, ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆ ಎಲ್ಲಕ್ಕೂ 24 ತಿಂಗಳ ವೇಟಿಂಗ್ ಪೀರಿಯಡ್ ಇದೆ. ಬೇರೆ ವೈಯಕ್ತಿಕ ಪಾಲಿಸಿಗಳಲ್ಲೂ ಇಂಥದ್ದೇ ಪಟ್ಟಿ ಇರುತ್ತದೆ. ಆ ಅವಧಿಯಲ್ಲಿ ಮೇಲಿನ ಎರಡೂ ಲೆಕ್ಕ ಸೊನ್ನೆ. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆ ಇರುವುದಿಲ್ಲ, ಸೇರಿದ ದಿನದಿಂದಲೇ ನಡೆಯುತ್ತದೆ. ಅದರ ತೊಂದರೆ ಬೇರೆ: ಕೆಲಸ ಬಿಟ್ಟ ದಿನ ವಿಮೆಯೂ ಹೋಯಿತು. 52ನೇ ವಯಸ್ಸಿನಲ್ಲಿ ಬಿಪಿ, ಶುಗರ್ ಇಟ್ಟುಕೊಂಡು ಹೊಸ ಪಾಲಿಸಿ ಕೇಳುವುದು ಬಹಳ ಕಷ್ಟ. ಅದಕ್ಕೇ ಕಂಪನಿ ವಿಮೆ ಇರುವಾಗಲೇ ಸ್ವಂತದ್ದೊಂದು ಮಾಡಿಸಿಡಿ. ವೇಟಿಂಗ್ ಪೀರಿಯಡ್ ಅಷ್ಟರಲ್ಲಿ ತನ್ನ ಪಾಡಿಗೆ ಕಳೆದುಹೋಗುತ್ತದೆ.

ನಾಲ್ಕನೆಯದು ಸೂಪರ್ ಟಾಪ್-ಅಪ್. ₹5 ಲಕ್ಷದ ಡಿಡಕ್ಟಿಬಲ್, ಅಂದರೆ ಅಷ್ಟು ಖರ್ಚು ದಾಟಿದ ಮೇಲಿನದ್ದಕ್ಕಷ್ಟೇ ವಿಮೆ ಎಂಬ ಷರತ್ತು, ಇದ್ದರೆ ನಮ್ಮ ₹2 ಲಕ್ಷದ ಬಿಲ್ಲಿಗೆ ಇದರಿಂದ ಒಂದು ರೂಪಾಯಿಯೂ ಇಲ್ಲ. ಇದು ದೊಡ್ಡ ಕಾಯಿಲೆಗೆ. ಒಂದೇ ಪಾಲಿಸಿ ವರ್ಷದಲ್ಲಿ ಜೂನಿನಲ್ಲಿ ₹3.5 ಲಕ್ಷ, ನವೆಂಬರಿನಲ್ಲಿ ₹4 ಲಕ್ಷ ಆಯಿತೆನ್ನಿ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ ₹2.5 ಲಕ್ಷ ಕೊಡುತ್ತದೆ. ಬರೀ ‘ಟಾಪ್-ಅಪ್’ ಒಂದೊಂದು ಅಡ್ಮಿಷನ್ ಬೇರೆ ಬೇರೆ ನೋಡುವುದರಿಂದ ಏನೂ ಕೊಡುವುದಿಲ್ಲ. ಹೆಸರಿನಲ್ಲಿ ‘ಸೂಪರ್’ ಇದೆಯೇ ಎಂದು ನೋಡಿ ನಿಲ್ಲಿಸಬೇಡಿ, ಷರತ್ತಿನಲ್ಲಿ ಡಿಡಕ್ಟಿಬಲ್ ವರ್ಷದ ಒಟ್ಟು ಮೊತ್ತಕ್ಕೆ ಎಂದು ಬರೆದಿದೆಯೇ ನೋಡಿ. ಮೂಲ ಪಾಲಿಸಿ ಒಂದು ಕಂಪನಿ, ಟಾಪ್-ಅಪ್ ಇನ್ನೊಂದಾದರೆ ಎರಡನೆಯದಕ್ಕೆ ರೀಇಂಬರ್ಸ್‌ಮೆಂಟೇ, ಅಂದರೆ ಮೊದಲು ನಾವೇ ಕಟ್ಟಿ ಆಮೇಲೆ ಕೇಳಿ ಪಡೆಯುವುದೇ, ಗತಿಯಾಗಬಹುದು. ಮೊದಲ ಕಂಪನಿಯ ಸೆಟಲ್‌ಮೆಂಟ್ ಪತ್ರ ಮತ್ತು ಬಿಲ್ಲುಗಳ ದೃಢೀಕೃತ ಪ್ರತಿ ಮರೆಯದೆ ತೆಗೆದುಕೊಳ್ಳಿ.

ಯಾವ ಪಾಲಿಸಿಯಾದರೂ ಮುರಿದು ಬೀಳುವ ಜಾಗ ಒಂದಿದೆ, ಕೇಸ್ ಶೀಟು. ವಾರ್ಡಿನಲ್ಲಿ ಡ್ಯೂಟಿ ಡಾಕ್ಟರು ‘ಶುಗರ್ ಎಷ್ಟು ವರ್ಷದಿಂದ ಇದೆ?’ ಎನ್ನುತ್ತಾರೆ. ಪಕ್ಕದಲ್ಲಿ ನಿಂತ ನೆಂಟರು ‘ಒಂದ್ಹತ್ತು ವರ್ಷ ಆಗಿರ್ಬೇಕು’ ಎಂದುಬಿಡುತ್ತಾರೆ. ನಿಜವಾಗಿ ಗೊತ್ತಾಗಿದ್ದು ಮೂರು ವರ್ಷದ ಹಿಂದೆ, ಪಾಲಿಸಿ ಮಾಡಿಸಿ ನಾಲ್ಕು ವರ್ಷ. ಆ ಹತ್ತು ಎಂಬ ಅಂಕಿ ಹಾಳೆಯ ಮೇಲೆ ಬಿದ್ದರೆ, ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ನಿಲ್ಲುತ್ತದೆ. ಮೊದಲ ಸಲ ಶುಗರ್ ಪತ್ತೆಯಾದ ಲ್ಯಾಬ್ ರಿಪೋರ್ಟನ್ನು ಫೈಲಿನಲ್ಲಿಡಿ. ಉತ್ತರ ಒಬ್ಬರೇ ಕೊಡಲಿ, ನೋಡಿ ಕೊಡಲಿ. ಪ್ರಪೋಸಲ್ ಫಾರ್ಮಿನಲ್ಲೂ ಏಜೆಂಟ್ ‘ಬಿಡಿ ಸಾರ್, ಅದೆಲ್ಲ ಬರೆಯೋದು ಬೇಡ’ ಎಂದರೆ ಒಪ್ಪಬೇಡಿ. ಇದ್ದದ್ದನ್ನು ಬರೆದರೆ 2024ರ ಏಪ್ರಿಲ್‌ನಿಂದ ಹಳೆಯ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು, ಮೊದಲಿನಂತೆ 48 ಅಲ್ಲ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಹೇಳಲಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ.

ಅಪ್ಪ ಅಮ್ಮನನ್ನು ನಿಮ್ಮ ಫ್ಯಾಮಿಲಿ ಫ್ಲೋಟರಿಗೆ, ಅಂದರೆ ಮನೆಯವರೆಲ್ಲ ಒಂದೇ ಕವರ್ ಹಂಚಿಕೊಳ್ಳುವ ಪಾಲಿಸಿಗೆ, ಸೇರಿಸುವುದು ಬೇಡ. ಫ್ಲೋಟರಿನ ಪ್ರೀಮಿಯಂ ಸಾಮಾನ್ಯವಾಗಿ ಮನೆಯ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ, ಅವರದೊಂದು ಅಡ್ಮಿಷನ್ ಇಡೀ ಮನೆಯ ಕವರ್ ತಿಂದುಬಿಡಬಹುದು. ವೈಯಕ್ತಿಕ ಮತ್ತು ಫ್ಲೋಟರ್ ಪಾಲಿಸಿಗಳ ಮೇಲಿದ್ದ ಶೇ. 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಕೊಟೇಶನ್ ಹೋಲಿಸುವಾಗ ಹಳೆಯ ಅಂಕಿ ಹಿಡಿದು ಕೂರಬೇಡಿ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನದ ಫ್ರೀ ಲುಕ್ ಅವಧಿ ಇರುತ್ತದೆ. ಆ ದಿನಗಳಲ್ಲಿ ಮೇಲಿನ ಬಿಲ್ಲನ್ನೇ ಅದರ ಮೇಲೆ ಹಾಕಿ ನೋಡಿ, ಒಗ್ಗದಿದ್ದರೆ ವಾಪಸ್ ಮಾಡಿ. ಆಮೇಲೆ ಬೇಡವೆನಿಸಿದರೆ ಪೋರ್ಟ್ ಮಾಡಲು, ಅಂದರೆ ಬೇರೆ ಕಂಪನಿಗೆ ಬದಲಾಯಿಸಿಕೊಳ್ಳಲು, ನವೀಕರಣದ ದಿನಾಂಕಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಿ. ಕಳೆದ ವೇಟಿಂಗ್ ಪೀರಿಯಡ್ ಹಳೆಯ ಕವರಿನಷ್ಟಕ್ಕೆ ಜೊತೆಗೆ ಬರುತ್ತದೆ. ಹೆಚ್ಚಿಸಿಕೊಂಡ ಮೊತ್ತಕ್ಕೆ ಮತ್ತೆ ಮೊದಲಿನಿಂದ ಕಾಯಬೇಕು.