ಚಿಕ್ಕಪೇಟೆಯಲ್ಲಿ ಕೊಂಡ ಗೆಜ್ಜೆ: ದನಿ ಚೆನ್ನ, ಪಟ್ಟಿ ಒರಟು
ಮಗಳ ಭರತನಾಟ್ಯಕ್ಕೆಂದು ಚಿಕ್ಕಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ಗೆಜ್ಜೆ ಕೊಂಡೆ. ಚರ್ಮದ ಪಟ್ಟಿ, ಒಂದೊಂದು ಕಾಲಿಗೆ 50 ಹಿತ್ತಾಳೆ ಗೆಜ್ಜೆ. ಅಂಗಡಿಯವರು ನಾಲ್ಕೈದು ಜೊತೆ ಅಲ್ಲಾಡಿಸಿ ಕೇಳಿಸಿದರು. ಒಂದು ಸುಮ್ನೆ ಕಿಣಿಕಿಣಿ ಅಂತಿತ್ತು, ಇನ್ನೊಂದು ಝಣಝಣ. 'ಘಲ್ ಅನ್ನಬೇಕಮ್ಮ, ಆಗಲೇ ಹೆಜ್ಜೆ ಕೇಳೋದು' ಎಂದು ಇದನ್ನು ಕೊಟ್ಟರು. ಮಾತು ನಿಜ. ಮನೆಯಲ್ಲಿ ಮಗಳು ಮೊದಲ ತಟ್ಟಡವು (ಪಾದ ತಟ್ಟುವ ಹೆಜ್ಜೆ) ಹಾಕಿದಾಗ ನನ್ನ ಮೈ ಜುಮ್ ಅಂತು.

ಪಟ್ಟಿಯ ಅಂಚು ಮಾತ್ರ ಒರಟು. ಅರ್ಧ ಗಂಟೆಗೇ ಅವಳ ಕಣಕಾಲು ಚುರುಚುರು. ಬಿಗಿಯಾಗಿ ಕಟ್ಟಿದರೆ ಪಾದಕ್ಕೆ ಜೋಮು ಹಿಡಿಯುತ್ತದೆ. ಬಿಚ್ಚಿದ ಮೇಲೆ ಸೂಜಿ ಚುಚ್ಚಿದ ಹಾಗೆ, ಪಾಪ ಮಗು! ಒಳಗೆ ಹತ್ತಿಬಟ್ಟೆ ಹೊಲಿದುಕೊಟ್ಟೆ. ಈಗ ಆರಾಮವಾಗಿ ಕುಣಿಯುತ್ತಾಳೆ. ನೀವು ಕೊಳ್ಳುವಾಗ ಕಾಲಿಗೆ ಕಟ್ಟಿಯೇ ನೋಡಿ.